ಚಿಂತೆ ಇದ್ದವಳ ನಿದ್ದೆ

ಅಪ್ಪನನ್ನು ಆಸ್ಪತ್ರೆಗೆ ಸೇರಿಸಿ ಬಂದ ರಾತ್ರಿ ಅಮ್ಮ ಗೊರಕೆ ಹೊಡೆದಳು. ಇಷ್ಟು ವರ್ಷ ಆದಮೇಲೂ ಆ ಸದ್ದು ನನ್ನ ಕಿವಿಯಿಂದ ಹೋಗಿಲ್ಲ. ದೊಡ್ಡ ಗೊರಕೆಯೇನಲ್ಲ, ನಮ್ಮ ನಡುಮನೆಯ ಹಳೇ ಫ್ಯಾನಿನ ಕಿರಕಿರ ಜೊತೆ ಸೇರಿಕೊಂಡು ಹೋಗುವಂಥದ್ದು. ಆದರೆ ಅವತ್ತು ಅದು ನನಗೆ ಬೈಗುಳದ ಹಾಗೆ ಕೇಳಿಸಿತ್ತು. ನಲವತ್ತೆರಡು ವರ್ಷ ಜೊತೆಗೆ ಬಾಳಿದ ಗಂಡ ಮೈಸೂರಿನ ಒಂದು ವಾರ್ಡಿನಲ್ಲಿ ಉಸಿರಿಗೆ ಒದ್ದಾಡುತ್ತಿದ್ದಾನೆ, ಇವಳಿಗೆ ನಿದ್ದೆಯಾದರೂ ಹೇಗೆ ಬರುತ್ತೆ? ಪಕ್ಕದಲ್ಲಿ ಮಲಗಿದ್ದ ನಾನು ಕತ್ತಲಲ್ಲಿ ಫೋನ್ ನೋಡುತ್ತಾ, ಮಧ್ಯೆ ಮಧ್ಯೆ ಅವಳ ಕಡೆ ಕೆಕ್ಕರಿಸಿ ನೋಡುತ್ತಾ ಬಿದ್ದುಕೊಂಡಿದ್ದೆ.

ಈಗ ಇದು ಯಾಕೆ ನೆನಪಾಯಿತು ಅಂದರೆ, ಎರಡು ತಿಂಗಳಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಆಫೀಸಿನಲ್ಲಿ ಜನರನ್ನು ತೆಗೆಯುತ್ತಿದ್ದಾರೆ. ಯಾರ ಕ್ಯಾಲೆಂಡರಿನಲ್ಲಿ ಯಾವಾಗ ಹದಿನೈದು ನಿಮಿಷದ ಮೀಟಿಂಗ್ ಬಂದು ಕೂರುತ್ತೋ ಹೇಳೋಕಾಗಲ್ಲ. ಮನೆ ಸಾಲ ಇನ್ನೂ ಹನ್ನೊಂದು ವರ್ಷ ಬಾಕಿ ಇದೆ. ರಾತ್ರಿ ಹನ್ನೊಂದಕ್ಕೆ ಮಲಗಿದರೆ ಮೂರಕ್ಕೆ ಸರಿಯಾಗಿ ಯಾರೋ ಭುಜ ತಟ್ಟಿದ ಹಾಗೆ ಎಚ್ಚರ. ಆಮೇಲೆ ಲೆಕ್ಕ ಶುರು. ಉಳಿತಾಯ ಎಷ್ಟು ತಿಂಗಳು ಬರುತ್ತೆ, ಮಗಳ ಫೀಸು, ಕಾರು ಮಾರಿದರೆ ಎಷ್ಟು. ಇದೇ ಲೆಕ್ಕವನ್ನು ಹಗಲು ಮಾಡಿದರೆ ಹತ್ತು ನಿಮಿಷದ ಕೆಲಸ. ರಾತ್ರಿ ಮೂರಕ್ಕೆ ಮಾತ್ರ ಅದಕ್ಕೆ ಕೊನೆಯೇ ಇಲ್ಲ. ಬೆಳಗ್ಗೆ ಕೈಯಲ್ಲಿರೋ ವಾಚು ನನ್ನ ನಿದ್ದೆಗೆ ಮಾರ್ಕ್ಸ್ ಕೊಡುತ್ತೆ, ನೂರಕ್ಕೆ ಐವತ್ತೆರಡು. (ಎಸ್ಸೆಸ್ಸೆಲ್ಸಿ ಗಣಿತದಲ್ಲೂ ನನಗೆ ಇಷ್ಟು ಕಡಿಮೆ ಬಂದಿರಲಿಲ್ಲ.) ಆಮೇಲೆ ಆ ಮಾರ್ಕ್ಸ್ ಕಡಿಮೆ ಬಂತಲ್ಲ ಅನ್ನೋದು ಇನ್ನೊಂದು ಚಿಂತೆ.

ಹೀಗೆ ಎಚ್ಚರವಾಗಿ ಬಿದ್ದುಕೊಂಡಾಗಲೆಲ್ಲ ಅಮ್ಮನ ಆ ಗೊರಕೆ ನೆನಪಾಗುತ್ತೆ. ಸಿಟ್ಟು ಯಾವತ್ತೋ ಹೋಗಿದೆ. ಈಗ ಉಳಿದಿರೋದು ಹೊಟ್ಟೆಕಿಚ್ಚು.

ಮೇ ತಿಂಗಳ ಆ ರಾತ್ರಿ

2021ರ ಮೇ, ಕೊರೋನಾದ ಎರಡನೇ ಅಲೆ. ಆ ತಿಂಗಳು ಹೇಗಿತ್ತು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ಆರರಿಂದ ಹತ್ತರವರೆಗೆ ಅಂಗಡಿ, ಆಮೇಲೆ ರಸ್ತೆಯಲ್ಲಿ ನಾಯಿ ಮತ್ತು ಆಂಬುಲೆನ್ಸ್. ನಾನು ಹಿಂದಿನ ವರ್ಷದಿಂದ ಶ್ರೀರಂಗಪಟ್ಟಣದ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದೆ. ಅಪ್ಪನಿಗೆ ಎಪ್ಪತ್ತೊಂದು. ಮೊದಲು ಸಣ್ಣ ಜ್ವರ, ಆಮೇಲೆ ಸುಸ್ತು, ಐದನೇ ದಿನ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 88 ತೋರಿಸಿತು. ಅಪ್ಪ ಮಾತ್ರ ಪೇಪರ್ ಕೇಳುತ್ತಿದ್ದರು. ಕಟ್ಟೆಯಲ್ಲಿ ನೀರು ಎಷ್ಟಿದೆ ಅಂತ ನೋಡದೆ ಅವರಿಗೆ ದಿನ ಶುರುವಾಗೋದಿಲ್ಲ. ನಮ್ಮ ಕಡೆ ಕಟ್ಟೆ ಅಂದರೆ ಕನ್ನಂಬಾಡಿ ಕಟ್ಟೆ, ಕೆಆರ್‌ಎಸ್. ತುಂಬಿದರೆ 124.80 ಅಡಿ, ಆ ಲೆಕ್ಕದಲ್ಲಿ ಇವತ್ತಿಗೆ ಎಷ್ಟು ಅನ್ನೋದು ಮಂಡ್ಯ ಸೀಮೆಯ ಗಂಡಸರಿಗೆ ಒಂಥರಾ ನಾಡಿ ಹಿಡಿದು ನೋಡೋ ಕೆಲಸ.

ಬೆಡ್ ಸಿಗೋಕೆ ಏಳು ಗಂಟೆ ಹಿಡಿಯಿತು. ಕೆಲವೇ ದಿನದ ಹಿಂದೆ ಚಾಮರಾಜನಗರದಲ್ಲಿ ಆಕ್ಸಿಜನ್ ಕೊರತೆಯಾಗಿ ಜನ ಸತ್ತ ಸುದ್ದಿ ಬಂದಿತ್ತು. ಹಾಗಾಗಿ ಬೆಡ್ ಸಿಕ್ಕಿದರೂ ಎದೆ ಹಗುರಾಗಲಿಲ್ಲ. ಒಳಗೆ ಯಾರನ್ನೂ ಬಿಡುವ ಹಾಗಿಲ್ಲ. ಗಾಲಿ ಕುರ್ಚಿಯಲ್ಲಿ ಅಪ್ಪ ಒಳಗೆ ಹೋದರು, ಗಾಜಿನ ಬಾಗಿಲು ಮುಚ್ಚಿತು. ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್, ಅದರಲ್ಲಿ ಚಾರ್ಜರು, ಟವೆಲ್ಲು, ಕನ್ನಡಕ. ನಾನು ಹೊರಗೆ ನಿಂತುಕೊಂಡು ಫಾರಂ ತುಂಬಿದೆ.

ಮನೆಗೆ ಬಂದಾಗ ರಾತ್ರಿ ಹತ್ತಾಗಿತ್ತು. ಅಮ್ಮ ಸ್ನಾನ ಮಾಡಿದಳು. ಬೆಳಗ್ಗಿನ ಅನ್ನಕ್ಕೆ ಮೊಸರು ಕಲಸಿ ನನಗೂ ಬಡಿಸಿ ತಾನೂ ಉಂಡಳು. ಆಮೇಲೆ ದಿನಾ ಮಾಡೋ ಕೆಲಸವನ್ನೇ ದಿನಾ ಮಾಡೋ ಹಾಗೇ ಮಾಡಿದಳು. ಹಿಂದಿನ ಬಾಗಿಲ ಚಿಲಕ. ಗ್ಯಾಸಿನ ನಾಬ್. ಹಾಲಿನ ಪಾತ್ರೆಗೆ ಮುಚ್ಚಳ. ತಲೆದಿಂಬಿನ ಹತ್ತಿರ ಒಂದು ಚೊಂಬು ನೀರು. ಕೊನೆಗೆ ದೇವರ ಗೂಡಿನ ಮುಂದೆ ನಿಂತು ದೀಪ ಶಾಂತ ಮಾಡಿ, ಅಕ್ಕಪಕ್ಕ ಯಾರೋ ನಿಂತಿದ್ದಾರೆ ಅನ್ನೋ ಹಾಗೆ ಮೆಲ್ಲಗೆ ಅಂದಳು: ‘ನನ್ ಕೈಲಿ ಆಗಿದ್ದು ಆಯ್ತು ರಂಗಪ್ಪ, ಇನ್ನು ನೀನುಂಟು.’

ಹತ್ತೇ ನಿಮಿಷ. ಗೊರಕೆ.

ನಾನು ಮಲಗಲಿಲ್ಲ. ಮಲಗಬಾರದು ಅನ್ನೋ ಹಟ. ನಾನು ಎದ್ದಿದ್ದರೆ ಅಪ್ಪನೂ ಇರುತ್ತಾರೆ ಅನ್ನೋ ಒಂದು ಹುಚ್ಚು ಲೆಕ್ಕ ತಲೆಯಲ್ಲಿ ಕೂತಿತ್ತು ಅಂತ ಈಗ ಅನಿಸುತ್ತೆ. ಕಾಯಿಲೆ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಗೊತ್ತಿರುವವರಿಗೆಲ್ಲ ಮೆಸೇಜ್ ಹಾಕಿದೆ. ಹನ್ನೆರಡು, ಒಂದು, ಎರಡು ಆಯಿತು, ಆಮೇಲೆ ಊರಿನ ನಾಯಿಗಳೂ ಸುಮ್ಮನಾದವು. ನಾಲ್ಕು ಗಂಟೆ ಹೊತ್ತಿಗೆ ಫೋನ್ ಕೈಯಲ್ಲಿ ಹಿಡಿದೇ ನನಗೆ ಗೊತ್ತಿಲ್ಲದೆ ಕಣ್ಣು ಮುಚ್ಚಿಹೋಯಿತು.

ನಾಲ್ಕೂವರೆಗೆ ಆಸ್ಪತ್ರೆಯಿಂದ ಫೋನ್ ಬಂತು. ನನ್ನ ಫೋನಿಗೇ ಬಂದಿದ್ದು. ಬ್ಯಾಟರಿ ಸತ್ತಿತ್ತು. ಆಮೇಲೆ ಅವರು ಅಮ್ಮನ ನಂಬರಿಗೆ ಮಾಡಿದರು. ಎರಡನೇ ರಿಂಗಿಗೆ ಅಮ್ಮ ಎದ್ದು ಕೂತಿದ್ದಳಂತೆ. ನನಗೆ ಎಚ್ಚರವಾದಾಗ ಅವಳು ಲೈಟ್ ಹಾಕಿ, ಕನ್ನಡಕ ಹಾಕಿಕೊಂಡು, ಕ್ಯಾಲೆಂಡರಿನ ಹಿಂದೆ ಏನೋ ಬರೆದುಕೊಳ್ಳುತ್ತಾ ಮಾತಾಡುತ್ತಿದ್ದಳು. ಆಕ್ಸಿಜನ್ ಮಟ್ಟ ಇಳಿಯುತ್ತಿದೆ, ಐಸಿಯುಗೆ ಹಾಕಬೇಕು, ಒಪ್ಪಿಗೆ ಬೇಕು ಅಂತ ಡಾಕ್ಟರು ಹೇಳುತ್ತಿದ್ದರು. ಅಮ್ಮ ಒಪ್ಪಿಗೆ ಕೊಟ್ಟಳು. ಶುಗರ್ ಎಷ್ಟಿದೆ ಅಂತ ಕೇಳಿದಳು. ಆಮೇಲೆ, ‘ಅವರಿಗೆ ಹಿಂದೆ ಸ್ಟೆಂಟ್ ಹಾಕವ್ರೆ ಸಾರ್, ರಕ್ತ ತೆಳ್ಳಗಾಗೋ ಮಾತ್ರೆ ನುಂಗ್ತಾರೆ, ಬರ್ಕೊಂಡಿದ್ದೀರಾ?’ ಅಂದಳು. ಆ ಕಡೆ ಒಂದು ಕ್ಷಣ ಮೌನ. ಅವರು ಬರೆದುಕೊಂಡಿರಲಿಲ್ಲ. ತಪ್ಪು ಅವರದಲ್ಲ. ಫಾರಂ ತುಂಬಿದವಳು ನಾನು, ಗಾಬರಿಯಲ್ಲಿ ಅದನ್ನೇ ಬಿಟ್ಟಿದ್ದೆ. ಈ ಕಾಯಿಲೆಗೆ ರಕ್ತ ಹೆಪ್ಪುಗಟ್ಟದ ಹಾಗೆ ಇಂಜೆಕ್ಷನ್ ಕೊಡುತ್ತಾರೆ, ಹಾಗಾಗಿ ಅದು ಗೊತ್ತಿರಲೇಬೇಕಿತ್ತು. ಹೇಳಿದ್ದು ಒಳ್ಳೇದಾಯಿತು ಅಂದರು ಡಾಕ್ಟರು.

ಇಡೀ ರಾತ್ರಿ ಕಾವಲು ಕೂತವಳು ಬೇಕಾದ ಹೊತ್ತಿಗೆ ಇರಲಿಲ್ಲ. ಮಲಗಿದವಳು ಇದ್ದಳು.

ಗಾದೆ ಸರಿಯಿಲ್ಲ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ಒಂದು ಗಾದೆ ಇದೆಯಲ್ವಾ. ನನಗೆ ಅದರ ಮೇಲೆ ಜಗಳ. ಚೆನ್ನಾಗಿ ನಿದ್ದೆ ಮಾಡುವವರಿಗೆ ಚಿಂತೆ ಇಲ್ಲ, ಇಲ್ಲಾಂದ್ರೆ ಜವಾಬ್ದಾರಿ ಇಲ್ಲ ಅನ್ನೋ ಅರ್ಥ ಅದರಲ್ಲಿ ಸಣ್ಣಗೆ ಸೇರಿಕೊಂಡಿದೆ. ಆ ರಾತ್ರಿ ನಾನು ಅಮ್ಮನ ಬಗ್ಗೆ ಅಂದುಕೊಂಡಿದ್ದೂ ಅದನ್ನೇ. ಅಮ್ಮನಿಗೆ ಚಿಂತೆ ಇರಲಿಲ್ಲ ಅಂತಲ್ಲ. ಮಾರನೇ ದಿನ ಅವಳು ಹುಳಿಗೆ ಎರಡು ಸಲ ಉಪ್ಪು ಹಾಕಿದಳು. ತುಳಸಿಗೆ ನೀರು ಹಾಕುತ್ತಾ ಹಾಕುತ್ತಾ ಚೊಂಬು ಖಾಲಿಯಾದ ಮೇಲೂ ಹಾಗೇ ಬಗ್ಗಿಸಿ ಹಿಡಿದುಕೊಂಡು ನಿಂತಿದ್ದಳು. ಚಿಂತೆ ಇತ್ತು. ಅದನ್ನು ಹಾಸಿಗೆಗೆ ತರಲಿಲ್ಲ, ಅಷ್ಟೇ.

ಹಳೇ ಮೈಸೂರು ಕಡೆ ಹಳೇ ದಾರಿಗಳ ಪಕ್ಕ ಕೆಲವೊಮ್ಮೆ ಹೊರೆಗಲ್ಲು ಕಾಣುತ್ತೆ. ಎರಡು ಕಲ್ಲು ನೆಟ್ಟು, ಮೇಲೆ ಅಡ್ಡ ಒಂದು ಕಲ್ಲು ಇಟ್ಟಿರುತ್ತಾರೆ. ಎತ್ತರ ಸುಮಾರು ಆಳಿನ ಭುಜದಷ್ಟು. ತಲೆ ಮೇಲೆ ಹೊರೆ ಹೊತ್ತು ಸಂತೆಗೆ ಹೋಗುವವರು ಅದರ ಮೇಲೆ ಹೊರೆ ಜಾರಿಸಿ, ನೀರು ಕುಡಿದು, ಎಲೆಅಡಿಕೆ ಹಾಕಿಕೊಂಡು ಸುಧಾರಿಸಿಕೊಳ್ಳುತ್ತಿದ್ದರು. ಹೊರೆ ನೆಲಕ್ಕೆ ಇಳಿಸಿದರೆ ಮತ್ತೆ ತಲೆಗೆ ಎತ್ತಿಕೊಡೋಕೆ ಇನ್ನೊಬ್ಬರು ಬೇಕು. ಕಲ್ಲಿನ ಮೇಲಿಟ್ಟರೆ ಬೇಡ, ತಾನೇ ತಲೆ ಕೊಟ್ಟು ಎತ್ತಿಕೊಳ್ಳಬಹುದು. ಆ ಕಲ್ಲು ಯಾರ ಹೊರೆಯನ್ನೂ ಸಂತೆಗೆ ಮುಟ್ಟಿಸೋದಿಲ್ಲ. ಅಕ್ಕಿ ಮೂಟೆಯನ್ನು ಹೂವಿನ ಬುಟ್ಟಿ ಮಾಡೋದೂ ಇಲ್ಲ. ಸ್ವಲ್ಪ ಹೊತ್ತು ಹೊತ್ತುಕೊಂಡಿರುತ್ತೆ.

ಅಮ್ಮನ ‘ನೀನುಂಟು’ ಹೀಗೇ ಕೆಲಸ ಮಾಡುತ್ತೆ ಅಂತ ನನಗೆ ಅರ್ಥವಾಗೋಕೆ ವರ್ಷಗಳೇ ಹಿಡಿದವು. ನಾನು ಅದನ್ನು ಒಂದು ಬೇಡಿಕೆ ಅಂದುಕೊಂಡಿದ್ದೆ, ನನ್ನ ಗಂಡನನ್ನು ಉಳಿಸಿಕೊಡು ಅನ್ನೋ ಥರ. ಬೇಡಿಕೆ ಆಗಿದ್ದರೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಅರ್ಜಿ ಕೊಟ್ಟವರು ಆಫೀಸಿನ ಮುಂದೆ ಕಾಯುತ್ತಾ ಕೂರುತ್ತಾರೆ. ಅವಳು ಅರ್ಜಿ ಕೊಡಲಿಲ್ಲ. ಪಾಳಿ ಬದಲಾಯಿಸಿದಳು. ಹಗಲು ಪಾಳಿ ತನ್ನದು, ಅದನ್ನು ಪೂರ್ತಿ ಮಾಡಿದ್ದಾಳೆ, ಆಕ್ಸಿಮೀಟರ್ ಹಿಡಿದಿದ್ದಾಳೆ, ಆಸ್ಪತ್ರೆಗೆ ಓಡಿದ್ದಾಳೆ, ಅನ್ನ ಉಂಡಿದ್ದಾಳೆ. ರಾತ್ರಿ ಪಾಳಿಗೆ ಬೇರೆಯವನು ಇದ್ದಾನೆ. ಅವನು ಏನು ಮಾಡುತ್ತಾನೋ ಅವಳಿಗೂ ಗೊತ್ತಿಲ್ಲ. ಆದರೆ ಇಬ್ಬರೂ ಎದ್ದು ಕೂರೋ ಅಗತ್ಯ ಇಲ್ಲ ಅನ್ನೋದು ಗೊತ್ತು.

ನಾನಾದರೋ, ರಾತ್ರಿ ಪಾಳಿಗೂ ನಾನೇ, ಹಗಲಿಗೂ ನಾನೇ. ನಾನು ಕಣ್ಣು ಮುಚ್ಚಿದರೆ ಲೋಕ ನಿಂತುಹೋಗುತ್ತೆ. ನಿದ್ದೆಗೆಡುವುದರಲ್ಲಿ ಒಂದು ಸಣ್ಣ ಅಹಂಕಾರ ಇದೆ ಅಂತ ಹೇಳಿದರೆ ನನಗೇ ಬೇಜಾರಾಗುತ್ತೆ, ಆದರೆ ಇದೆ.

ಮಲಗಿರೋ ದೇವರು

ಇಲ್ಲಿ ಒಂದು ತಮಾಷೆ ಇದೆ. ಅಮ್ಮ ರಾತ್ರಿ ಪಾಳಿ ಒಪ್ಪಿಸೋ ನಮ್ಮೂರ ದೇವರು ಸ್ವತಃ ಮಲಗಿದ್ದಾನೆ.

ಶ್ರೀರಂಗಪಟ್ಟಣದ ರಂಗನಾಥನನ್ನು ನೋಡಿದವರಿಗೆ ಗೊತ್ತು. ಗರ್ಭಗುಡಿಯ ಕತ್ತಲಲ್ಲಿ ಆದಿಶೇಷನ ಮೇಲೆ ಉದ್ದಕ್ಕೆ ಒರಗಿಕೊಂಡಿರೋ ದೊಡ್ಡ ಮೂರ್ತಿ. ಕಾವೇರಿ ಎರಡಾಗಿ ಸೀಳಿ ಹರಿಯೋ ಮೂರು ನಡುಗಡ್ಡೆಗಳಲ್ಲಿ ಮೂವರು ರಂಗರು. ಇಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಮೂವರೂ ಮಲಗಿದವರೇ. ಕೆಆರ್‌ಎಸ್‌ನಿಂದ ಲಕ್ಷ ಕ್ಯೂಸೆಕ್ ನೀರು ಬಿಟ್ಟ ವರ್ಷ ನಮ್ಮೂರಿನ ಎರಡೂ ಪಕ್ಕ ಹೊಳೆ ಕೆಂಪಗೆ ಬುಸುಗುಟ್ಟುತ್ತೆ, ಸ್ನಾನಘಟ್ಟದ ಮೆಟ್ಟಿಲು ಮುಳುಗುತ್ತವೆ, ಜನ ಫೋಟೋ ತೆಗೆಯೋಕೆ ಓಡುತ್ತಾರೆ. ಮಧ್ಯದಲ್ಲಿ ಇವನು ತಲೆದಿಂಬಿನ ಮೇಲೆ. ಇನ್ನೂ ನೋಡಿ, ಪಂಚಾಂಗದ ಪ್ರಕಾರ ವಿಷ್ಣು ಆಷಾಢ ಶುದ್ಧ ಏಕಾದಶಿಗೆ ಮಲಗಿ ಕಾರ್ತಿಕದ ಉತ್ಥಾನ ದ್ವಾದಶಿಗೆ, ಅಂದರೆ ನಮ್ಮ ತುಳಸಿ ಹಬ್ಬಕ್ಕೆ ಏಳುತ್ತಾನೆ. ಹೊಳೆ ಉಕ್ಕೋ, ಗುಡ್ಡ ಕುಸಿಯೋ, ಮನೆ ಸೋರೋ ನಾಲ್ಕು ತಿಂಗಳು. ಕಾಯಬೇಕಾದ ಹೊತ್ತಲ್ಲೇ ನಿದ್ದೆ!

ಕಾಲೇಜಿನಲ್ಲಿದ್ದಾಗ ಇದನ್ನು ಅಮ್ಮನ ಮುಂದೆ ದೊಡ್ಡ ಬುದ್ಧಿವಂತೆ ಥರ ಹೇಳಿದ್ದೆ. ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ, ‘ಅವನೇ ಮಲಗವ್ನೆ, ನಾನು ಎದ್ದು ಏನ್ ಮಾಡ್ಲಿ?’ ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ನೀನು ಕೂಸಾಗಿದ್ದಾಗ ನಾನೂ ಮಲಗ್ತಿದ್ದೆ ಕಣೆ. ಕುಕ್ಕರ್ ಕೂಗಿದ್ರೂ ಏಳ್ತಿರ್ಲಿಲ್ಲ. ನೀನು ಮಗ್ಗಲು ಬದಲಾಯಿಸಿದ್ರೆ ಎಚ್ಚರ ಆಗೋದು’ ಅಂದಳು. ದೊಡ್ಡವರು ಯೋಗನಿದ್ರೆ ಅಂತ ಏನೇನೋ ವಿವರಿಸುತ್ತಾರೆ. ನನಗೆ ಅವರೆಕಾಯಿ ಸಿಪ್ಪೆ ಜೊತೆ ಸಿಕ್ಕಿದ ವಿವರಣೆಯೇ ಸಾಕು.

ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲಿದ್ದ ಮಂಗಳೂರಿನ ಹುಡುಗಿ ದಿನಾ ಮಂಚದ ಪಕ್ಕ ಮಂಡಿಯೂರಿ ಪ್ರಾರ್ಥನೆ ಮಾಡಿಯೇ ಮಲಗುತ್ತಿದ್ದಳು. ಅವಳಿಗೆ ನಮ್ಮ ಮಲಗಿದ ದೇವರ ವಿಷಯ ಹೇಳಿದಾಗ, ನಮ್ಮವನು ತೂಕಡಿಸೋದೂ ಇಲ್ಲ, ಬೈಬಲಿನ ಕೀರ್ತನೆಯಲ್ಲೇ ಹಾಗಿದೆ ಅಂತ ಜಂಬ ಮಾಡಿದಳು. ಎರಡು ದಿನ ಬಿಟ್ಟು ತಾನೇ ಬಂದು, ಇಲ್ಲ ಕಣೇ, ನಮ್ಮವನೂ ಒಂದು ಸಲ ಮಲಗಿದ್ದ ಅಂದಳು. ಮಾರ್ಕನ ಸುವಾರ್ತೆಯಲ್ಲಿ ಬರುವ ಕಥೆ. ಬಿರುಗಾಳಿ, ದೋಣಿಗೆ ನೀರು ನುಗ್ಗುತ್ತಿದೆ, ಯೇಸು ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಾನೆ. ಶಿಷ್ಯರು ಎಬ್ಬಿಸಿ, ನಾವು ಮುಳುಗಿ ಸಾಯುತ್ತಿದ್ದೇವೆ, ನಿನಗೆ ಚಿಂತೆಯೇ ಇಲ್ಲವಾ ಅಂತ ಕೇಳುತ್ತಾರೆ. ಅವತ್ತು ಕೇಳಿ ನಕ್ಕಿದ್ದೆ. 2021ರ ಆ ರಾತ್ರಿ ಅಮ್ಮನ ಕಡೆ ಕೆಕ್ಕರಿಸಿಕೊಂಡು ನಾನು ಮನಸ್ಸಿನಲ್ಲೇ ಕೇಳಿದ್ದೂ ಇದೇ ಪ್ರಶ್ನೆ, ಹೆಚ್ಚುಕಮ್ಮಿ ಇದೇ ಮಾತಿನಲ್ಲಿ.

ಎದುರು ಮನೆ

ಇದನ್ನು ಇಲ್ಲಿಗೇ ನಿಲ್ಲಿಸಿದರೆ ಸುಳ್ಳಾಗುತ್ತೆ. ಅಪ್ಪ ಹದಿನೇಳು ದಿನಕ್ಕೆ ಮನೆಗೆ ಬಂದರು. ಮಾಸ್ಕ್ ತೆಗೆದ ದಿನ ವಿಡಿಯೋ ಕಾಲಿನಲ್ಲಿ ಅವರು ಕೇಳಿದ ಮೊದಲನೇ ಮಾತು ‘ಕಟ್ಟೆ ಎಷ್ಟಿದೆ?’ ಅಂತ. ಅಮ್ಮ ಅವತ್ತು ಮಾತ್ರ ಅತ್ತಳು. ಆದರೆ ಅದೇ ವಾರ ಎದುರು ಮನೆಯ ಅಕ್ಕನ ಗಂಡ ಹೋದರು. ಆ ಅಕ್ಕನೂ ದೀಪ ಹಚ್ಚುತ್ತಿದ್ದಳು, ಶನಿವಾರ ಉಪವಾಸ ಮಾಡುತ್ತಿದ್ದಳು, ಅಮ್ಮನಿಗಿಂತ ಒಂದು ಕೈ ಜಾಸ್ತಿಯೇ. ನಮ್ಮ ರಂಗಪ್ಪ ನಮ್ಮ ಪಾಳಿ ನೋಡಿಕೊಂಡ, ಎದುರು ಮನೆಯದು ಮರೆತ ಅಂತ ಹೇಳೋಕೆ ಯಾವ ಬಾಯಿ ಬರುತ್ತೆ? ಅಪ್ಪ ಬದುಕಿದ್ದನ್ನು ನಂಬಿಕೆಯ ಫಲ ಅಂತ ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತೆ.

ತಿಂಗಳು ಕಳೆದ ಮೇಲೆ ಆ ಅಕ್ಕ ನಮ್ಮ ಜಗುಲಿಗೆ ಬಂದು ಕೂತಿದ್ದಳು. ರಾತ್ರಿ ನಿದ್ದೆ ಬರುತ್ತಾ ಅಂತ ಅಮ್ಮ ಕೇಳಿದಳು. ‘ನಿದ್ದೆ ಬತ್ತದೆ. ಬೆಳಗ್ಗೆ ಏಳೋದೇ ಕಷ್ಟ. ಎದ್ದ ತಕ್ಷಣ ಎಲ್ಲಾ ಮೊದಲಿಂದ ಗೊತ್ತಾಯ್ತದೆ’ ಅಂದಳು. ಯಾರೂ ಏನೂ ಮಾತಾಡಲಿಲ್ಲ. ಅಮ್ಮ ಅವಳ ಮುಂದಿದ್ದ ಸೊಪ್ಪಿನ ಕಟ್ಟು ಬಿಚ್ಚಿ, ಅರ್ಧ ತಾನು ಎಳೆದುಕೊಂಡು ಬಿಡಿಸೋಕೆ ಶುರು ಮಾಡಿದಳು. ಆ ಅಕ್ಕ ದೀಪ ಹಚ್ಚೋದು ಆರು ತಿಂಗಳು ನಿಲ್ಲಿಸಿದ್ದಳು, ಆಮೇಲೆ ಮತ್ತೆ ಹಚ್ಚಿದಳು. ಯಾಕೆ ನಿಲ್ಲಿಸಿದೆ, ಯಾಕೆ ಮತ್ತೆ ಹಚ್ಚಿದೆ ಅಂತ ನಾವು ಕೇಳಲಿಲ್ಲ. ಕೇಳಬಾರದು.

ಕನಕದಾಸರ ‘ತಲ್ಲಣಿಸದಿರು ಕಂಡ್ಯ ತಾಳು ಮನವೆ’ ನಮ್ಮಲ್ಲಿ ಯಾರಿಗೆ ಬರೋದಿಲ್ಲ? ಅದರ ಎರಡನೇ ಸಾಲು, ಎಲ್ಲರನು ಸಲಹುವನು ಅನ್ನೋದು, ಆ ವರ್ಷದ ನಂತರ ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಎದುರು ಮನೆ ಕಣ್ಣಿಗೆ ಬರುತ್ತೆ. ಮೊದಲನೇ ಸಾಲು ಮಾತ್ರ ಸಿಕ್ಕಿಕೊಳ್ಳೋದಿಲ್ಲ. ದಾಸರು ಅಲ್ಲಿ ದೇವರ ಹತ್ತಿರ ಮಾತಾಡುತ್ತಿಲ್ಲ, ತಮ್ಮ ಮನಸ್ಸಿಗೇ ಹೇಳಿಕೊಳ್ಳುತ್ತಿದ್ದಾರೆ. ಅಂದರೆ ಆ ಮನಸ್ಸು ತಲ್ಲಣಿಸುತ್ತಾ ಇತ್ತು. ಇಲ್ಲದಿದ್ದರೆ ಹೇಳೋ ಅಗತ್ಯವೇ ಇರಲಿಲ್ಲ. ಅದೂ ಒಂದು ಸಲ ಹೇಳಿ ಮುಗಿಸಲಿಲ್ಲ. ಪಲ್ಲವಿ ಮಾಡಿದ್ದಾರೆ, ಪ್ರತಿ ಚರಣದ ಕೊನೆಗೆ ಮತ್ತೆ ಅಲ್ಲಿಗೇ ಬರಬೇಕು.

ಮೂರು ಗಂಟೆಗೆ

ನಾನೂ ಮಾಡಿ ನೋಡುತ್ತಿದ್ದೇನೆ. ಗ್ಯಾಸ್ ನಾಬ್, ಚಿಲಕ, ನೀರಿನ ಚೊಂಬು (ನನ್ನದು ಸ್ಟೀಲ್ ಬಾಟಲಿ). ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಬರುತ್ತೇನೆ. ‘ನೀನುಂಟು’ ಅನ್ನೋದು ಬಾಯಲ್ಲಿ ಬರುತ್ತೆ, ಕೈ ಮಾತ್ರ ಹೊರೆ ಬಿಡೋದಿಲ್ಲ. ಕೆಲವು ರಾತ್ರಿ ಬಿಡುತ್ತೆ. ಯಾಕೆ ಅಂತ ಗೊತ್ತಿಲ್ಲ. ಡಾಕ್ಟರ ಹತ್ತಿರವೂ ಹೋಗಿದ್ದೆ. ಇದನ್ನು ಬೇಕಂತಲೇ ಹೇಳುತ್ತಿದ್ದೇನೆ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ ಅದು ನಂಬಿಕೆ ಕಡಿಮೆಯಾಗಿದ್ದಕ್ಕೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹಾಸಿಗೆಯಲ್ಲಿ ಹೊರಳಾಡುತ್ತಾ ಬಿದ್ದಿರಬೇಡಿ, ಇಪ್ಪತ್ತು ನಿಮಿಷ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಸುಮ್ನೆ ಕೂತು, ತೂಕಡಿಕೆ ಬಂದ ಮೇಲೆ ವಾಪಸ್ ಬನ್ನಿ ಅಂದರು ಡಾಕ್ಟರು. ವಾಚು ಬಿಚ್ಚಿಡಿ ಅಂತಲೂ ಅಂದರು. ವಾಚು ಬಿಚ್ಚಿಟ್ಟಿದ್ದು ದೊಡ್ಡ ಉಪಕಾರ ಆಯಿತು.

ಹೋದ ತಿಂಗಳು ಊರಿಗೆ ಹೋಗಿದ್ದೆ. ಆಫೀಸಿನ ವಿಷಯ ಅಮ್ಮನಿಗೆ ಹೇಳಿರಲಿಲ್ಲ, ಆದರೆ ಮಧ್ಯಾಹ್ನ ಊಟಕ್ಕೆ ಕೂತಾಗ ಹೇಗೋ ಬಾಯಿಂದ ಬಂದುಬಿಟ್ಟಿತು. ಅಮ್ಮ ಹೂಂ ಅಂದಳು, ಇನ್ನೊಂದು ಸೌಟು ಸಾರು ಬಡಿಸಿದಳು. ರಾತ್ರಿ ಎಂದಿನ ಹಾಗೆ ಮೂರಕ್ಕೆ ಎಚ್ಚರವಾಯಿತು. ಡಾಕ್ಟರು ಹೇಳಿದ ಹಾಗೆ ಎದ್ದು ನಡುಮನೆಗೆ ಬಂದೆ. ಕತ್ತಲಲ್ಲಿ ಯಾರೋ ಕೂತಿದ್ದಾರೆ. ಅಮ್ಮ. ಗೋಡೆಗೆ ಒರಗಿ, ಕಾಲು ಚಾಚಿ, ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ.

‘ಯಾಕಮ್ಮ?’

‘ನಿದ್ದೆ ಬರ್ಲಿಲ್ಲ.’

ನನಗೆ ನಂಬೋಕೇ ಆಗಲಿಲ್ಲ. ಅಪ್ಪ ಐಸಿಯುಗೆ ಹೋದ ರಾತ್ರಿ ಮಲಗಿದವಳು. ‘ರಂಗಪ್ಪನಿಗೆ ಒಪ್ಪಿಸ್ಲಿಲ್ವಾ ಇವತ್ತು?’ ಅಂತ ಅರ್ಧ ತಮಾಷೆಗೆ ಕೇಳಿದೆ.

‘ಒಪ್ಪಿಸ್ದೆ. ಮೂರು ಸಲ ಒಪ್ಪಿಸ್ದೆ. ಮತ್ತೆ ಮತ್ತೆ ಹೋಗಿ ವಾಪಸ್ ಎತ್ಕೊಂಡ್ ಬತ್ತಾ ಇದೀನಿ’ ಅಂದಳು. ಆಮೇಲೆ, ‘ಗಂಡಂದು ಬಿಟ್ಬಿಡಬೋದು ಕಣೆ. ಮಕ್ಕಳದು ಕೈ ಬಿಡಲ್ಲ.’

ನಾನು ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದು ಹಾಲು ಬಿಸಿ ಮಾಡಿದೆ. ಇಬ್ಬರೂ ಲೋಟ ಹಿಡಿದು ಕೂತೆವು. ಒಳಗಿನ ರೂಮಿನಿಂದ ಅಪ್ಪನ ಕೆಮ್ಮು ಒಂದು ಸಲ ಕೇಳಿಸಿತು, ಇಬ್ಬರೂ ಒಟ್ಟಿಗೆ ಆ ಕಡೆ ತಿರುಗಿದೆವು, ಇನ್ನೊಂದು ಕೆಮ್ಮು ಬರಲಿಲ್ಲ. ಅಮ್ಮ ಹಾಲು ಮುಗಿಸಿ, ಮಂಡಿ ಹಿಡಿದುಕೊಂಡು ಎದ್ದು, ಗೂಡಿನ ಮುಂದೆ ಹೋಗಿ ನಿಂತಳು. ದೀಪ ಆಗಲೇ ಶಾಂತವಾಗಿತ್ತು. ಏನಂದಳೋ ನನಗೆ ಕೇಳಿಸಲಿಲ್ಲ. ನಾನು ಎರಡು ಲೋಟ ತೊಳೆದು, ಬೋರಲು ಹಾಕಿ, ಗ್ಯಾಸ್ ನಾಬ್ ಇನ್ನೊಂದು ಸಲ ಮುಟ್ಟಿ ನೋಡಿ ವಾಪಸ್ ಬರುವಷ್ಟರಲ್ಲಿ ಫ್ಯಾನಿನ ಕಿರಕಿರ ಜೊತೆ ಗೊರಕೆ ಶುರುವಾಗಿತ್ತು.